ನಮ್ಮ ಮನೆಯ ಪುಟ್ಟ ಬಂದೂಕು



ಕಳೆದ ಆಯುಧ ಪೂಜೆಯ ದಿನ ನಮ್ಮ ಮನೆಗೆ ಬಂದಿದ್ದ ನಿಮ್ಮಲ್ಲೊಬ್ಬ, ಕಾರಿನ ಕೀಲಿಕೈ, ಮಗಳ ಲ್ಯಾಪ್‌ಟಾಪು, ಅಡುಗೆಮನೆಯ ಈಳಿಗೆಗಳ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದ ಬಂದೂಕನ್ನು ಕಂಡು ಕಣ್ಣರಳಿಸಿದ. "ಅಂಕಲ್, ಇದು ಖರೇ ಬಂದೂಕೇನ್ರಿ? ನಮಗೂ ಒಂದು ಸಿಗ್ತದೇನ್ರಿ?" ಎಂದು ಕೇಳಿದ. ಹೋಳಿಗೆ ಬಡಿಸುವ ಗಡಿಬಿಡಿಯಲ್ಲಿ ನಕ್ಕು ಸುಮ್ಮನಾದೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮೆಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಅದು ಖರೇ ಬಂದೂಕು. ಪಾಯಿಂಟ್ ಟೂಟೂ ರೈಫಲ್. ನಳಿಗೆಯ ಒಳ ಅಳತೆ ಸುಮಾರು 5.6 ಮಿಲಿಮೀಟರ್, ಪೆನ್ಸಿಲ್ಲಿಗಿಂತ ಸಣ್ಣದು. ಬಾಗಿಲ ಅಗಳಿಯಂತೆ ಬೋಲ್ಟನ್ನು ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಒಂದು ತೋಟಾ ಒಳಗೆ ಹೋಗುತ್ತದೆ. ಪ್ರತಿ ಈಡಿಗೂ ಹೀಗೇ ಮಾಡಬೇಕು. ಈ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಇರುವುದಿಲ್ಲ, ಅಂಚಿನ ಸುತ್ತ ತುಂಬಿರುತ್ತದೆ. ಅದಕ್ಕೇ ಇದನ್ನು ರಿಮ್‌ಫೈರ್ ಎನ್ನುತ್ತಾರೆ. ಗುಂಡಿನ ತೂಕ ಎರಡೂವರೆ ಗ್ರಾಮಿನ ಆಸುಪಾಸು. ಸಣ್ಣದೆಂದು ಹಗುರಾಗಿ ಕಾಣಬೇಡಿ. ಆ ಗುಂಡು ಒಂದು ಮೈಲಿಯಾಚೆಗೂ ಹೋಗಬಲ್ಲದು.

ಇದರ ಹುಚ್ಚು ನನಗೆ ಹಿಡಿದದ್ದು ಗುಲ್ಬರ್ಗದಲ್ಲಿ, ಕಾಲೇಜಿನ ಎನ್‌ಸಿಸಿಯಲ್ಲಿ. ನೆಲದ ಮೇಲೆ ಬೋರಲು ಮಲಗಿ, ಉಸಿರು ಹಿಡಿದು, ಐದು ಗುಂಡು ಹಾರಿಸಿದೆ. ಐದರಲ್ಲಿ ನಾಲ್ಕು ತೂತುಗಳು ಒಂದು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಓದಿನಲ್ಲಿ ಎಂದೂ ಮುಂದಿರದ ನನಗೆ ಅಂದಿನ ಶಹಬ್ಬಾಸ್ ಇಂದಿಗೂ ಕಿವಿಯಲ್ಲಿದೆ. ನೌಕರಿಗಾಗಿ ಹೈದರಾಬಾದಿಗೆ ಬಂದು, ಮನೆ ಮಾಡಿ, ಸಾಲ ತೀರಿಸಿದ ಮೇಲೆ, 1996ರಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಹಳೆಯ ರೈಫಲನ್ನು ಕೊಂಡೆ. ಒಂದು ಸ್ಕೂಟರಿಗಿಂತ ಅಗ್ಗವಾಗಿ ಸಿಕ್ಕಿತು.

ಬಂದೂಕು ಅಗ್ಗವಾದರೂ ಅದರ ಜವಾಬ್ದಾರಿ ಅಗ್ಗವಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೈಲ್ ಮುಹೂರ್ತದಂದು ಅವರು ಕೋವಿ ಪೂಜಿಸುವುದನ್ನು ನೀವು ಕೇಳಿರಬಹುದು. ನಮಗೆ ಆ ಭಾಗ್ಯವಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಇಪ್ಪತ್ತೊಂದು ತುಂಬಿರಬೇಕು, ಅರ್ಜಿ ಹಾಕಬೇಕು, ಪೊಲೀಸರ ವಿಚಾರಣೆ ಮುಗಿಯಬೇಕು. ಚುನಾವಣೆ ಬಂದಾಗಲೆಲ್ಲ ನಾನು ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದಿದ್ದೇನೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಚಟ ಕೆಲವರಿಗಿದೆ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹಾಗಾದರೆ ಇದರಿಂದ ಏನು ಮಾಡುತ್ತೀರಿ ಎಂದು ನೀವು ಕೇಳಬಹುದು. ಬೇಟೆಯಂತೂ ಇಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಆ ಮಾತೇ ಮುಗಿಯಿತು. ಭಾನುವಾರ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯುತ್ತೇನೆ, ಅಷ್ಟೇ. ಐವತ್ತು ಮೀಟರ್ ದೂರದ ಆ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ಟೂಟೂ ತೋಟಾದ ಐವತ್ತು ಮೀಟರ್ ಸ್ಪರ್ಧೆಯಲ್ಲಿ. ನಮ್ಮ ಹೈದರಾಬಾದಿನಲ್ಲೇ ಬೆಳೆದ ಗಗನ್ ನಾರಂಗ್ 2012ರಲ್ಲಿ ಲಂಡನ್ನಿನಲ್ಲಿ ಏರ್ ರೈಫಲ್‌ನಲ್ಲಿ ಕಂಚು ತಂದರು. ನಾನು ಯಾವ ಪದಕವನ್ನೂ ತರಲಿಲ್ಲ. ಮನಸ್ಸು ಚಂಚಲವಾಗಿದ್ದ ದಿನ ಗುರಿ ತಪ್ಪುತ್ತದೆ ಎಂಬುದನ್ನು ಕಲಿತೆ.

ಇನ್ನೊಂದು ಮಾತನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. 2018ರಲ್ಲಿ ನಿಮ್ಮ ಆಂಟಿ ತೀರಿಕೊಂಡರು. ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಬೀರುವಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಮಗಳು ಚಹಾ ಲೋಟ ಕೈಗಿಟ್ಟು, "ಅಪ್ಪಾ, ಸಿಟ್ಟಾಗಬ್ಯಾಡ್ರಿ. ಬಂದೂಕು ಸ್ವಲ್ಪ ದಿನ ಮನ್ಯಾಗ ಬ್ಯಾಡ" ಅಂದಳು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಒಂದು ತಪ್ಪೂ ಮಾಡದವನ ಮೇಲೆ ಅನುಮಾನವೇ ಎಂದು ಕೂಗಾಡಿದೆ. ಅವಳು ವಾದಿಸಲಿಲ್ಲ, ಎದುರಿಗೆ ಕೂತೇ ಇದ್ದಳು. ಮಧ್ಯಾಹ್ನ ಇಬ್ಬರೂ ಆಟೋ ಹತ್ತಿ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಹೋಗಿ, ಅದನ್ನು ಸುರಕ್ಷಿತ ಠೇವಣಿಯಾಗಿ ಇಟ್ಟು ರಸೀದಿ ತಂದೆವು. ಏಳು ತಿಂಗಳು ಅದು ಅಲ್ಲೇ ಇತ್ತು. ಆ ದಿನಗಳಲ್ಲಿ ಡಾಕ್ಟರರನ್ನೂ ಕಂಡೆ. ಅವಳು ಕೇಳದೆ ಹೋಗಿದ್ದರೆ ಏನಾಗುತ್ತಿತ್ತೋ, ಇಂದು ನಿಮಗೆ ಇದನ್ನು ಬರೆಯಲು ನಾನು ಇದ್ದೇನೆ.

ಆದ್ದರಿಂದ ಮಕ್ಕಳೇ, ನಿಮ್ಮ ಮನೆಯಲ್ಲಿ ಬಂದೂಕು ಇರಲಿ, ಇಲ್ಲದಿರಲಿ, ಹಿರಿಯರಾಗಲಿ ಗೆಳೆಯರಾಗಲಿ ಮಂಕಾಗಿದ್ದರೆ ಸಂಕೋಚಪಡದೆ ಕೇಳಿ. ದೊಡ್ಡವರನ್ನು ಹೇಗೆ ಕೇಳುವುದು ಎಂದು ಹಿಂಜರಿಯಬೇಡಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಬಂದೂಕು ಇಟ್ಟುಕೊಳ್ಳುವ ಯೋಗ್ಯತೆ ಎಂದರೆ ಗುರಿಕಾರಿಕೆ ಮಾತ್ರವಲ್ಲ. ಅದನ್ನು ಕೆಳಗಿಡು ಎಂದು ಮನೆಯವರು ಹೇಳಿದ ದಿನ ಕೆಳಗಿಡಲು ಬರಬೇಕು.

ಈಗ ನನಗೆ ಎಪ್ಪತ್ತು. ಎಪ್ಪತ್ತಾದವರು, ಇಲ್ಲವೇ ಇಪ್ಪತ್ತೈದು ವರ್ಷ ಬಂದೂಕು ಇಟ್ಟುಕೊಂಡವರು, ವಾರಸುದಾರರೊಬ್ಬರನ್ನು ಸೂಚಿಸಬಹುದೆಂದು 2016ರ ನಿಯಮಗಳು ಹೇಳುತ್ತವೆ. ಮಗಳನ್ನು ಕೇಳಿದ್ದೇನೆ. "ವಿಚಾರ ಮಾಡ್ತೀನಿ ಅಪ್ಪಾ" ಅಂದಿದ್ದಾಳೆ. ಬೇಡವೆಂದರೆ ಅಂಗಡಿಗೆ ಮಾರಿಬಿಡುತ್ತೇನೆ, ಈ ಸಲ ಕೂಗಾಡುವುದಿಲ್ಲ.

ಮುಂದಿನ ಆಯುಧ ಪೂಜೆಗೆ ಎಲ್ಲರೂ ಬನ್ನಿ. ಬಂದೂಕು ಇರುತ್ತದೋ ಇಲ್ಲವೋ ಹೇಳಲಾರೆ, ಹೋಳಿಗೆಯಂತೂ ಇದ್ದೇ ಇರುತ್ತದೆ.