ಗಿಡ ಹೇಗಿದೆ ಅಮ್ಮಾ?

ನಮ್ಮ ಭರಮಸಾಗರದ ಮನೆಗಳಲ್ಲಿ ಹೂವಿನ ಗಿಡವೆಂದರೆ ಬಾಗಿಲ ಪಕ್ಕ ಒಂದು ದಾಸವಾಳ, ಬಚ್ಚಲ ನೀರು ಹರಿಯುವ ಕಡೆ ಒಂದು ಮಲ್ಲಿಗೆ ಬಳ್ಳಿ, ಕಾಂಪೌಂಡಿಗೆ ಒತ್ತಿಕೊಂಡು ನಾಲ್ಕು ಕನಕಾಂಬರ. ಅವಕ್ಕೆ ನಾವು ಏನೂ ಮಾಡುವುದಿಲ್ಲ, ಅವು ಬೇಸರ ಮಾಡಿಕೊಳ್ಳುವುದೂ ಇಲ್ಲ. ಹೀಗಿದ್ದ ನಮ್ಮ ಮನೆಗೆ 2023ರ ದೀಪಾವಳಿಯಲ್ಲಿ ಆರ್ಕಿಡ್ ಎಂಬ ಅತಿಥಿ ಬಂತು.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗಳು ಮೊದಲ ಸಂಬಳದಲ್ಲಿ ಅಪ್ಪನಿಗೆ ಶರ್ಟು, ಅಜ್ಜಿಗೆ ಶಾಲು, ನನಗೆ ಈ ಗಿಡ ತಂದಿದ್ದಳು. ಬಸ್ಸಿನಲ್ಲಿ ಐದು ತಾಸು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳಂತೆ. ಬಿಳಿಯ ಪಿಂಗಾಣಿ ಕುಂಡ, ನಾಲಗೆಯಂಥ ಐದು ದಪ್ಪ ಎಲೆ, ಬಾಗಿದ ಒಂದೇ ಕಡ್ಡಿಯಲ್ಲಿ ಸಾಲಾಗಿ ಏಳು ನೇರಳೆ ಹೂವು. ಚಿಟ್ಟೆಗಳು ಬಂದು ಕೂತಂತೆ ಕಾಣುತ್ತಿತ್ತು. ಬೆಲೆ 700 ರೂಪಾಯಿ ಎಂದಾಗ ನಮ್ಮ ಮನೆಯವರು ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು. ಅತ್ತೆಯವರಂತೂ, "ಹೂವು ಕಾಗದದ್ದು ಇದ್ದಂಗೈತೆ. ಮುಡಿಯಾಕೆ ಬರಲ್ಲ, ದೇವ್ರಿಗೆ ಏರ್ಸಾಕೆ ಬರಲ್ಲ, ಯಾಕವ್ವಾ ಇದು?" ಎಂದುಬಿಟ್ಟರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ನಲವತ್ತಾರು ವರ್ಷದಲ್ಲಿ ನನಗೆಂದೇ ಯಾರಾದರೂ ಹೂವಿನ ಗಿಡ ತಂದುಕೊಟ್ಟಿದ್ದು ಅದೇ ಮೊದಲು.

ಪ್ರೀತಿ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಇನ್ನು ಕೇಳಿ.

ನಾವು ಬರದ ಸೀಮೆಯವರು. ಊರಿಗೆ ಹೆಸರು ತಂದದ್ದೇ ದುರ್ಗದ ಪಾಳೆಯಗಾರ ಭರಮಣ್ಣ ನಾಯಕರ ಕಾಲದ ಕೆರೆ. ಆದರೆ ನಾನು ಮದುವೆಯಾಗಿ ಬಂದ ಮೇಲೆ ಆ ಕೆರೆಯಲ್ಲಿ ನೀರಿಗಿಂತ ಜಾಲಿ ಗಿಡ ಕಂಡದ್ದೇ ಹೆಚ್ಚು. 2021ರಲ್ಲಿ ಏತ ನೀರಾವರಿಯ ಪೈಪಿನಲ್ಲಿ ತುಂಗಭದ್ರೆ ಬಂದಾಗ ಊರಿಗೆ ಊರೇ ನೋಡಲು ಹೋಗಿತ್ತು. ಕೊಡ ಹೊತ್ತು ಬೆಳೆದ ನಮಗೆ ಗಿಡ ಒಣಗಿ ಸಾಯುವುದು ಗೊತ್ತು. ನೀರು ಹೆಚ್ಚಾಗಿ ಸಾಯುವುದು ಗೊತ್ತಿಲ್ಲ. ಹಾಗಾಗಿ ನಾನು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಕೂಡಲೇ ಈ ಗಿಡಕ್ಕೂ ಒಂದು ಲೋಟ ಬೋರಿನ ನೀರು ಹಾಕುತ್ತಿದ್ದೆ. ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮನೆಯವರು ತಮ್ಮ ಪಾಲಿಗೆ ಒಂದು ಚಿಟಿಕೆ ಯೂರಿಯಾ ಹಾಕಿದರು. ಅತ್ತೆಯವರು ಅಕ್ಕಿ ತೊಳೆದ ನೀರು ಹಾಕಿದರು. ಮೂವರೂ ಒಬ್ಬರಿಗೊಬ್ಬರು ಹೇಳಲಿಲ್ಲ ಅನ್ನಿ.

ಸಂಕ್ರಾಂತಿಯ ಹೊತ್ತಿಗೆ ಹೂವೆಲ್ಲ ಉದುರಿದವು. ಅದು ಅದರ ಕ್ರಮ ಎಂದುಕೊಂಡೆ. ಆಮೇಲೆ ಎಲೆಗಳು ಬಾಡಿದ ವೀಳ್ಯದೆಲೆಯಂತೆ ಸುಕ್ಕುಗಟ್ಟಿದವು. ಬಾಡಿದೆ ಎಂದು ಇನ್ನೊಂದು ಲೋಟ ನೀರು ಹಾಕಿದೆ! ಕೆಳಗಿನ ಎರಡು ಎಲೆ ಹಳದಿಯಾಗಿ ಬಿದ್ದವು. ಕುಂಡದ ಹತ್ತಿರ ಬಗ್ಗಿದರೆ ಕೆಸರಿನ ವಾಸನೆ.

ಮಗಳು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು. ಕೊನೆಗೆ ತಪ್ಪದೆ ಕೇಳುವ ಪ್ರಶ್ನೆ, "ಗಿಡ ಹೇಗಿದೆ ಅಮ್ಮಾ?"

"ಚೆನ್ನಾಗಿದೆ ಕಣೇ. ನೀನು?"

"ನಾನೂ ಚೆನ್ನಾಗಿದೀನಮ್ಮ."

ಫೋಟೋ ಕಳಿಸು ಎಂದರೆ ಹಳೆಯದನ್ನೇ ಕಳಿಸುತ್ತಿದ್ದೆ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವಳು ನಾನೇ.

2024ರ ಶಿವರಾತ್ರಿಗೆ ನನ್ನ ಓರಗಿತ್ತಿ ಬಂದಳು. ಅವಳ ತವರು ಹೊಸನಗರದ ಕಡೆ. ಗಿಡವನ್ನು ನೋಡಿದವಳೇ, "ಅಯ್ಯೋ ಅಕ್ಕಾ, ಇದನ್ನ ಕೆಸರಲ್ಲಿ ಹೂತಿಟ್ಟಿದೀರಲ್ಲ! ಇದು ನೆಲದ ಗಿಡ ಅಲ್ಲ, ಮರದ ಗಿಡ" ಎಂದಳು.

ಅತ್ತೆಯವರು ಬೆಚ್ಚಿ, "ಅಂದ್ರೆ ಬಂದಳಿಕೆನಾ? ಮರ ತಿಂದು ಹಾಕ್ತೈತಲ್ಲೇ" ಎಂದರು. ಅವಳು ನಕ್ಕು ಬಿಡಿಸಿ ಹೇಳಿದಳು. ಬಂದಳಿಕೆ ಮರದೊಳಗೆ ಬೇರು ಇಳಿಸಿ ಅದರ ರಸ ಹೀರುತ್ತದೆ. ಆರ್ಕಿಡ್ ಹಾಗಲ್ಲ, ಮರದ ತೊಗಟೆಯನ್ನು ಹಿಡಿದು ಕೂರುತ್ತದೆ ಅಷ್ಟೇ. ಮಳೆ, ಗಾಳಿಯ ತೇವ, ತೊಗಟೆಯ ಸಂದಿನಲ್ಲಿ ಕೊಳೆತ ಎಲೆ, ಇಷ್ಟೇ ಅದರ ಊಟ. ಮಲೆನಾಡಿನಲ್ಲಿ ಮಳೆಗಾಲದ ಮೊದಲಿಗೆ ಹಲಸು, ಮಾವಿನ ಮರಗಳಿಂದ ನರಿಬಾಲದಂತೆ ಇಳಿಬಿದ್ದು ಅರಳುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಕಾಡಿನಲ್ಲಿ ಸೀತಮ್ಮ ಮುಡಿದದ್ದಂತೆ. ಅಸ್ಸಾಂ ರಾಜ್ಯದ ರಾಜ್ಯಪುಷ್ಪವೂ ಅದೇ, ಅಲ್ಲಿಯ ಹೆಂಗಸರು ಬಿಹು ಹಬ್ಬದಲ್ಲಿ ಮುಡಿಯುತ್ತಾರೆ. ನಾವು ಪಾಯಸ, ಕೇಕಿಗೆ ಹಾಕುವ ವೆನಿಲ್ಲಾ ಕೂಡ ಒಂದು ಆರ್ಕಿಡ್ ಬಳ್ಳಿಯ ಕೋಡು ಎಂದಾಗ ನಾನು ಬಾಯಿ ತೆರೆದೆ. 2003ರ ಸುಮಾರಿಗೆ ಅದಕ್ಕೆ ಬಂಗಾರದ ಬೆಲೆ ಬಂದು, ಆಮೇಲೆ ಬಿದ್ದುಹೋದ ಕತೆಯನ್ನೂ ಹೇಳಿದಳು. ಮುಡಿಯಲು ಬರದ ಹೂವು ಎಂದಿದ್ದ ಅತ್ತೆಯವರು ಸುಮ್ಮನಾದರು.

ನಂತರ ಇಬ್ಬರೂ ಹಿತ್ತಲಲ್ಲಿ ಕೂತು ಗಿಡವನ್ನು ಬಿಚ್ಚಿದೆವು. ಪಿಂಗಾಣಿ ಕುಂಡಕ್ಕೆ ಕೆಳಗೆ ತೂತೇ ಇರಲಿಲ್ಲ! ಅದರೊಳಗೆ ಒಂದು ಪ್ಲಾಸ್ಟಿಕ್ ಕುಂಡ, ಅದರ ತುಂಬ ಒತ್ತಿ ತುಂಬಿದ ಪಾಚಿ. ನಾನು ಹಾಕಿದ ನೀರೆಲ್ಲ ಅಲ್ಲೇ ನಿಂತಿತ್ತು. ಬೇರಿಗೂ ಉಸಿರಾಟ ಬೇಕಂತೆ. ಆರ್ಕಿಡ್ ಬೇರಿಗೆ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ. ನೀರು ಸಿಕ್ಕಾಗ ಹೀರಿ ಹಸಿರಾಗುತ್ತದೆ, ಒಣಗಿದಾಗ ಬೆಳ್ಳಿಯ ಬಣ್ಣ. ಯಾವಾಗಲೂ ತೇವದಲ್ಲೇ ಇದ್ದರೆ ಕೊಳೆಯುತ್ತದೆ. ಬೇರು ಕೊಳೆತರೆ ಎಲೆಗೆ ನೀರು ಹೋಗುವುದಿಲ್ಲ. ಸುತ್ತ ನೀರಿದ್ದೂ ಗಿಡ ಬಾಯಾರಿ ಸುಕ್ಕುಗಟ್ಟುವುದು ಇದಕ್ಕೇ.

ನಾವು ಮಾಡಿದ್ದನ್ನು ಬರೆಯುತ್ತೇನೆ, ನಿಮಗೂ ಉಪಯೋಗವಾದೀತು. ಪಾಚಿಯನ್ನೆಲ್ಲ ನಿಧಾನವಾಗಿ ನೀರಿನಲ್ಲಿ ಬಿಡಿಸಿದೆವು. ಕತ್ತರಿಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಆರಿಸಿ, ಮುಟ್ಟಿದರೆ ಮೆತ್ತಗಾಗುವ ಕಂದು ಬೇರನ್ನೆಲ್ಲ ಕತ್ತರಿಸಿದೆವು. ಗಟ್ಟಿಯಾಗಿದ್ದದ್ದು ಮೂರೇ ಬೇರು. ಕತ್ತರಿಸಿದ ಬಾಯಿಗೆ ಮಾತ್ರ ಒಂದಿಷ್ಟು ಚಕ್ಕೆ ಪುಡಿ ಹಚ್ಚಿ, ಎರಡು ದಿನ ನೆರಳಲ್ಲಿ ಕಾಗದದ ಮೇಲೆ ಒಣಗಲು ಬಿಟ್ಟೆವು. ಅಷ್ಟರಲ್ಲಿ ತೆಂಗಿನಕಾಯಿ ಸಿಪ್ಪೆಯನ್ನು ಅಡಿಕೆ ಗಾತ್ರಕ್ಕೆ ಕತ್ತರಿಸಿ ನೆನೆಹಾಕಿ, ಕೆಂಪು ನೀರನ್ನು ನಾಲ್ಕು ಸಲ ಬದಲಿಸಿ ಚೆಲ್ಲಿದೆವು. ಅದಕ್ಕೆ ಸಮ ಇದ್ದಿಲ ಚೂರು ಬೆರೆಸಿ, ಸುತ್ತ ತೂತಿರುವ ಹಳೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಗಿಡವನ್ನು ಕೂರಿಸಿದೆವು. ಮಣ್ಣು ಒಂದು ಚಿಟಿಕೆಯೂ ಇಲ್ಲ. ಬುಟ್ಟಿಯ ಕೆಳಗೆ ಬೆಣಚುಕಲ್ಲು ಹರಡಿದ ತಟ್ಟೆ, ಕಲ್ಲು ಮುಳುಗದಷ್ಟು ನೀರು. ನಮ್ಮ ಒಣ ಹವೆಗೆ ಅದು ತಂಪು ಕೊಡುತ್ತದೆ, ಬೇರಿಗೆ ನೀರು ತಾಗುವುದಿಲ್ಲ. ಜಾಗ ಅಡಿಗೆಮನೆಯ ಪೂರ್ವದ ಕಿಟಕಿ. ಬೆಳಗಿನ ಎಳೆ ಬಿಸಿಲು ಸಾಕು, ಮಧ್ಯಾಹ್ನದ್ದು ಎಲೆಯನ್ನು ಸುಡುತ್ತದೆ.

ಆ ರಾತ್ರಿ ಮಗಳ ಫೋನ್ ಬಂತು. "ಗಿಡ ಹೇಗಿದೆ ಅಮ್ಮಾ?"

ಕೊಳೆತ ಬೇರುಗಳನ್ನು ಕಣ್ಣಾರೆ ಕಂಡ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. "ಚೆನ್ನಾಗಿಲ್ಲ ಕಣೇ. ಎರಡು ತಿಂಗಳಿಂದ ನಿನಗೆ ಸುಳ್ಳು ಹೇಳಿದೆ. ನೀರು ಹಾಕಿ ಹಾಕಿ ನಾನೇ ಕೊಳೆಸಿಬಿಟ್ಟೆ" ಎಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಗಿಡಕ್ಕಾಗಿ ಇಷ್ಟು ನೊಂದಳೇ ಎಂದು ಗಾಬರಿಯಾದೆ. ಆಮೇಲೆ ಬಿಕ್ಕುವ ಸದ್ದು. "ಅಮ್ಮಾ, ನಾನೂ ಸುಳ್ಳು ಹೇಳಿದೆ. ಜನವರಿಯಲ್ಲೇ ಕೆಲಸ ಹೋಯ್ತು. ಅಪ್ಪ ಸಾಲ ಮಾಡಿ ಓದಿಸಿದ್ರು, ಹೇಗೆ ಹೇಳ್ಲಿ?" ಎರಡು ತಿಂಗಳು ಪಿ.ಜಿ. ರೂಮಿನಲ್ಲಿ ಒಬ್ಬಳೇ ಕೂತು, ಒಂದು ಹೊತ್ತು ಉಂಡು, ಅರ್ಜಿ ಹಾಕುತ್ತ ನನ್ನ ಹತ್ತಿರ "ಚೆನ್ನಾಗಿದೀನಿ" ಎನ್ನುತ್ತಿದ್ದಳು ನನ್ನ ಮಗಳು. ನಾನು ದಿನಾ ಕೇಳುತ್ತಿದ್ದೆ ನಿಜ. ಆದರೆ ಊಟ ಆಯ್ತಾ, ಹುಷಾರಾ ಎಂದು ಕೇಳಿ ನನ್ನ ಸಮಾಧಾನಕ್ಕೆ ಬೇಕಾದ ಉತ್ತರವನ್ನೇ ಪಡೆದು ಫೋನ್ ಇಡುತ್ತಿದ್ದೆ.

"ನಾಳೆ ಬೆಳಿಗ್ಗೆ ಬಸ್ಸು ಹತ್ತು" ಎಂದೆ. ವಿಷಯ ತಿಳಿದು ಅವರಪ್ಪ ಒಂದು ಮಾತೂ ಆಡಲಿಲ್ಲ. ಬಸ್ಸು ಬರುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ ಹೆದ್ದಾರಿಯಲ್ಲಿ ನಿಂತಿದ್ದರು.

ಅವಳು ಮೂರು ತಿಂಗಳು ಮನೆಯಲ್ಲಿದ್ದಳು. ಆ ವರ್ಷದ ಬೇಸಿಗೆ ಎಂಥ ಉರಿಯೆಂದು ನಿಮಗೆಲ್ಲ ನೆನಪಿರಬೇಕು, ಬೆಂಗಳೂರಿನಲ್ಲೂ ನೀರಿಗೆ ಹಾಹಾಕಾರ. ನಮ್ಮ ಗಡಸು ನೀರು ಈ ಗಿಡಕ್ಕೆ ಆಗದೆಂದು ಮಳೆ ಬರುವ ತನಕ ಕುಡಿಯುವ ನೀರಿನ ಘಟಕದ ನೀರನ್ನೇ ಹಾಕಿದೆವು. ಬೇರು ಬೆಳ್ಳಿಯ ಬಣ್ಣಕ್ಕೆ ಬಂದಾಗ ಮಾತ್ರ, ಎಲೆಯ ನಡುವಿನ ಸುಳಿಗೆ ಬೀಳದಂತೆ, ವಾರಕ್ಕೆ ಎರಡು ಸಲ. ಚಳಿಗಾಲದಲ್ಲಿ ಒಂದೇ ಸಲ ಸಾಕು. "ಇವತ್ತು ನೀರು ಹಾಕ್ಲಾ?" ಎಂದು ನಾನು ಕೈ ಚಾಚಿದರೆ ಮಗಳು, "ಬೇಡಮ್ಮ, ಸುಮ್ನೆ ಬಿಡು" ಎನ್ನುವಳು. ಅವಳ ಕೆಲಸದ ವಿಷಯವನ್ನೂ ನಾವು ಹಾಗೇ ಬಿಟ್ಟೆವು. ಬಂದವರು ಕೇಳಿದರೆ ಅತ್ತೆಯವರೇ, "ಮೊಮ್ಮಗಳು ನನ್ನ ನೋಡಾಕೆ ಬಂದಾಳೆ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಜೂನ್ ಮಳೆಗೆ ಸುಳಿಯಲ್ಲಿ ಗಿಳಿಹಸಿರಿನ ಒಂದು ಎಲೆ ಇಣುಕಿತು. ಅದೇ ತಿಂಗಳು ಮಗಳಿಗೂ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿನದಕ್ಕಿಂತ ಕಡಿಮೆ, ಆದರೆ ಸಂಜೆ ಮನೆಗೆ ಬರುತ್ತಾಳೆ.

ಈ ಗಿಡ ಹೂವಿಗೆ ಬರಲು ರಾತ್ರಿಯ ತಂಪು ಬೇಕಂತೆ. ಡಿಸೆಂಬರ್ ಚಳಿಯ ನಂತರ ಎಲೆಯ ಬುಡದಲ್ಲಿ ಒಂದು ಹಸಿರು ಮೊಳಕೆ ಕಂಡಿತು. ಬೇರೋ ಕಡ್ಡಿಯೋ ಎಂದು ಇಬ್ಬರೂ ದಿನಾ ಬಗ್ಗಿ ನೋಡುತ್ತಿದ್ದೆವು. 2025ರ ಯುಗಾದಿಯ ಹೊತ್ತಿಗೆ ಆ ಕಡ್ಡಿಯಲ್ಲಿ ಮೂರು ಹೂವು ಅರಳಿದವು. ಅಂಗಡಿಯಿಂದ ಬಂದಾಗ ಏಳಿದ್ದವು, ಈಗ ಮೂರೇ. ಆದರೆ ಈ ಮೂರು ನಮ್ಮ ಮನೆಯಲ್ಲಿ ಬಿಟ್ಟವು.

ಸೋದರಿಯರೇ, ಅಂಗಡಿಯಿಂದ ಆರ್ಕಿಡ್ ತಂದರೆ ಮೊದಲು ಕುಂಡದ ತಳದಲ್ಲಿ ತೂತಿದೆಯೇ ನೋಡಿ. ಆಸೆಗೆ ಬಿದ್ದು ಕಾಡಿನ ಮರದಿಂದ ಮಾತ್ರ ಕಿತ್ತು ತರಬೇಡಿ, ಅಲ್ಲಿಯ ಗಿಡ ಅಲ್ಲೇ ಇರಲಿ. ದೂರದಲ್ಲಿರುವ ಮಕ್ಕಳು ಫೋನಿನಲ್ಲಿ "ಚೆನ್ನಾಗಿದೀನಿ" ಎಂದರೆ ಅಷ್ಟಕ್ಕೇ ಇಟ್ಟುಬಿಡಬೇಡಿ, ಇನ್ನೆರಡು ನಿಮಿಷ ಮಾತಾಡಿ.

ಮೊನ್ನೆ ಅತ್ತೆಯವರು ಬಿದ್ದ ಒಂದು ಹೂವನ್ನು ಎತ್ತಿ ದೇವರ ಮುಂದೆ ಇಟ್ಟಿದ್ದರು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋದೆ.