ಹಳೆ ನಿಬ್ಬು, ಹೊಸ ನಿಬ್ಬು

ಸೀರೆಗೆ ಜೇಬಿಲ್ಲ. ಹೀಗಾಗಿ ನಮ್ಮ ಹೆಂಗಸರಿಗೂ ಪೆನ್ನಿಗೂ ಇರುವ ನಂಟು ಮೊದಲಿನಿಂದಲೂ ಸಾಲದ ನಂಟೇ. ಅಂಚೆ ಕಚೇರಿಯಲ್ಲೋ ಮಕ್ಕಳ ಶಾಲೆಯಲ್ಲೋ ಸಹಿ ಹಾಕಬೇಕಾಗಿ ಬಂದಾಗ ಪಕ್ಕದಲ್ಲಿ ನಿಂತವರ ಎದೆಯ ಜೇಬಿನ ಕಡೆ ಕಣ್ಣು ಹಾಯಿಸಿ, ‘ಸ್ವಲ್ಪ ಪೆನ್ನು ಕೊಡ್ತೀರಾ?’ ಎಂದು ಕೇಳದ ಹೆಂಗಸು ನನ್ನ ತಲೆಮಾರಿನಲ್ಲಿ ಸಿಗುವುದು ಕಷ್ಟ. ಕೇಳಿದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ ಅನ್ನಿ. ಆದರೆ ಫೌಂಟನ್ ಪೆನ್ನಾದರೆ ಮಾತ್ರ ಕ್ಯಾಪನ್ನು ತೆಗೆದು ತಮ್ಮ ಕೈಯಲ್ಲೇ ಒತ್ತೆ ಇಟ್ಟುಕೊಳ್ಳುತ್ತಿದ್ದರು. ಜೊತೆಗೊಂದು ಬುದ್ಧಿಮಾತು: ‘ಜಾಸ್ತಿ ಒತ್ತಬೇಡಿ, ನಿಬ್ಬು ಹೋಗುತ್ತೆ.’

ಹಾಗೆ ಹೇಳುವವರನ್ನು ಕಂಡು ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು. ಅವರ ಮಾತಿನಲ್ಲಿ ಅರ್ಥವಿತ್ತು ಎಂಬುದು ನಿಬ್ಬಿನ ಸಂಗತಿ ಸ್ವಲ್ಪ ತಿಳಿದ ಮೇಲೆ ನನಗೆ ಹೊಳೆಯಿತು. ನಿಬ್ಬೆಂದರೆ ಬರೀ ಚೂಪಾದ ತಗಡಲ್ಲ. ಅದರ ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣದಾದ ಒಂದು ಗಟ್ಟಿ ಲೋಹದ ಮಣಿಯನ್ನು ಬೆಸೆದು, ಅದನ್ನು ನಡುವೆ ಸೀಳಿರುತ್ತಾರೆ. ಹಿಂದೆ ಅದಕ್ಕೆ ಇರಿಡಿಯಂ, ಆಸ್ಮಿಯಂ ಬಳಸುತ್ತಿದ್ದರು. ಈಗ ಹೆಚ್ಚಾಗಿ ಬೇರೆ ಮಿಶ್ರಲೋಹಗಳು. ಆದರೂ ಅಗ್ಗದ ನಿಬ್ಬುಗಳ ಮೇಲೆ ‘ಇರಿಡಿಯಂ ಪಾಯಿಂಟ್’ ಎಂದೇ ಅಚ್ಚಾಗಿರುತ್ತದೆ; ಡಾಲ್ಡಾದಲ್ಲಿ ಕರಿದ ಸಿಹಿತಿಂಡಿಯ ಮೇಲೆ ‘ಶುದ್ಧ ತುಪ್ಪ’ ಎಂಬ ಬೋರ್ಡು ಇದ್ದ ಹಾಗೆ. ಕಾಗದದ ಮೇಲೆ ಓಡಾಡುವುದು ಈ ಮಣಿಯೇ. ಒಬ್ಬರು ಒಂದೇ ಓರೆಯಲ್ಲಿ ವರ್ಷಗಟ್ಟಲೆ ಬರೆದರೆ ಅದು ಆ ಓರೆಗೆ ತಕ್ಕಂತೆ ಸವೆಯುತ್ತದೆ. ಅವರ ಕೈಗೆ ಬೆಣ್ಣೆಯಂತೆ ಜಾರುವ ಅದೇ ಪೆನ್ನು ಇನ್ನೊಬ್ಬರ ಕೈಗೆ ಹೋದರೆ ಕರಕರ ಎನ್ನುತ್ತದೆ.

ಮಸಿ ಇಳಿಯುವ ಬಗೆಯೂ ಸೋಜಿಗದ್ದೇ. ನಿಬ್ಬಿನ ಕೆಳಗೆ ಒಂದು ಕಪ್ಪು ಪಟ್ಟಿ ಇರುತ್ತದಲ್ಲ, ಶಾಲೆಯಲ್ಲಿ ನಾವು ನಾಲಗೆ ಎನ್ನುತ್ತಿದ್ದುದು, ಅದರ ಸಣ್ಣ ಕಾಲುವೆಗಳಲ್ಲಿ ಮಸಿ ಮುಂದಕ್ಕೆ ಬರುತ್ತದೆ, ಬಂದಷ್ಟು ಜಾಗಕ್ಕೆ ಗಾಳಿ ಒಳಕ್ಕೆ ಹೋಗುತ್ತದೆ. ಗಾಳಿ ಹೋಗದಿದ್ದರೆ ಮಸಿ ಬರದು. ಹೆಚ್ಚು ಹೋದರೆ ತೊಟ್ಟಿಕ್ಕುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಕೊಡುಕೊಳ್ಳುವ ಲೆಕ್ಕವನ್ನು ಸರಿದೂಗಿಸಿದ ಪೆನ್ನಿಗೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವ ಹಾಗೆ ಕಾಗದ ಮಸಿಯನ್ನು ತಾನೇ ಸೆಳೆದುಕೊಳ್ಳುತ್ತದೆ. ಫೌಂಟನ್ ಪೆನ್ನನ್ನು ಒತ್ತಬೇಕಾಗಿಲ್ಲ ಎನ್ನುವುದು ಇದಕ್ಕೇ. ಮುಟ್ಟಿಸಿದರೆ ಸಾಕು.

ನನ್ನ ಅಮ್ಮನ ಮದುವೆ 1960ರಲ್ಲಿ. ಆ ಕಾಲದ ವರೋಪಚಾರದ ಪಟ್ಟಿಯಲ್ಲಿ ವಾಚು, ಉಂಗುರದ ಜೊತೆ ಪೆನ್ನೂ ಇರುತ್ತಿತ್ತು. ಅಜ್ಜ ಮುಂಬಯಿಯ ನೆಂಟರ ಕೈಯಲ್ಲಿ ತರಿಸಿ ಅಳಿಯನಿಗೆ ಕೊಟ್ಟದ್ದು ಪಾರ್ಕರ್ 51. ಅಪ್ಪ ಕೋರ್ಟಿನಲ್ಲಿ ಗುಮಾಸ್ತರು. ಅಮ್ಮನೂ ಆಗಲೇ ಶಿಕ್ಷಕರ ತರಬೇತಿ ಮುಗಿಸಿ ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಪ್ಪನ ಹಾಗೆ ಅವಳೂ ದಿನವಿಡೀ ಬರೆಯುವವಳೇ. ಆದರೆ ವಧುವಿಗೊಂದು ಪೆನ್ನು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅವಳ ಬಾಯಲ್ಲೂ ಬಂದಿರಲಿಕ್ಕಿಲ್ಲ.

ಅಮ್ಮನದು ಪೇಟೆಯ ಪುಸ್ತಕದಂಗಡಿಯ ಸ್ಟೀಲ್ ನಿಬ್ಬಿನ ಪೆನ್ನು. ಕೊಳವೆಯ ಹೊಟ್ಟೆಗೆ ನೇರವಾಗಿ ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ಮಸಿ ತುಂಬುವಂಥದ್ದು. ಮಸಿ ಅರ್ಧ ಖಾಲಿಯಾಗುತ್ತಲೇ ಅದು ಕಕ್ಕಲು ಶುರು. ಇದಕ್ಕೆ ಕಾರಣ ಪೆನ್ನಿನ ಕೆಟ್ಟ ನಡತೆಯಲ್ಲ. ಮಸಿ ಕಡಿಮೆಯಾದಂತೆ ಒಳಗೆ ಗಾಳಿ ಹೆಚ್ಚುತ್ತದೆ, ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರಕ್ಕೆ ದಬ್ಬುತ್ತದೆ. ಇಂಥ ಪೆನ್ನನ್ನು ಯಾವಾಗಲೂ ತುಂಬಿಟ್ಟಿರಬೇಕು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಉಪಾಯ. ಆಗ ನಮಗೆ ಗೊತ್ತಿದ್ದದ್ದು ಸೀಮೆಸುಣ್ಣದಿಂದ ಮಸಿ ಹೀರಿಸುವುದು, ನಿಬ್ಬನ್ನು ತಲೆಗೂದಲಿಗೆ ಒರೆಸುವುದು, ಸೀಳಿಗೆ ಸಿಕ್ಕ ಕಸವನ್ನು ಬ್ಲೇಡಿನಿಂದ ತೆಗೆಯುವುದು. ಅಮ್ಮನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ನೀಲಿ ಕಲೆ ಅರಿಸಿನದಷ್ಟೇ ಕಾಯಂ ಆಗಿತ್ತು.

ಅಪ್ಪನ ಪೆನ್ನು ಬೇರೆ ಜಾತಿ. 1941ರಲ್ಲಿ ಮಾರಾಟಕ್ಕೆ ಬಂದ ಪಾರ್ಕರ್ 51ರ ವಿಶೇಷವೆಂದರೆ ಅದರ ನಿಬ್ಬು ಕಾಣುವುದೇ ಇಲ್ಲ. ಸೆರಗು ಹೊದ್ದ ಹಾಗೆ ಮೇಲೊಂದು ಹೊದಿಕೆ, ಕೆಳಗೆ ತುದಿಯಷ್ಟೇ ಇಣುಕುತ್ತದೆ. ಬೇಗ ಒಣಗುವ ಮಸಿಯೊಂದಕ್ಕಾಗಿ ಮಾಡಿದ ಪೆನ್ನು ಅದು. ತೆರೆದ ನಿಬ್ಬಾದರೆ ಆ ಮಸಿ ನಿಬ್ಬಿನ ಮೇಲೇ ಒಣಗಿಬಿಡುತ್ತದಲ್ಲ, ಅದಕ್ಕೆ ಈ ಮುಸುಕು. ಒಳಗೆ 14 ಕ್ಯಾರೆಟ್ ಚಿನ್ನದ, ನಳಿಗೆಯಾಕಾರದ ನಿಬ್ಬು. ಅದೇ ಆಕಾರವನ್ನು ನಮ್ಮಲ್ಲಿ ಹೆಚ್ಚಿನವರು ಕಂಡದ್ದು ಚೀನಾದ ಹೀರೋ ಪೆನ್ನಿನಲ್ಲಿ; ಅಸಲಿ ಕೊಳ್ಳಲಾಗದವರಿಗೆ ಹೀರೋ 616 ಪಾರ್ಕರಿನ ಬಡ ತಮ್ಮನಂತಿತ್ತು.

ಚಿನ್ನದ ನಿಬ್ಬೆಂದರೆ ಶ್ರೀಮಂತಿಕೆ ಎಂದು ನಾವು ಅಂದುಕೊಂಡಿದ್ದೆವು. ಅದರ ಹುಟ್ಟು ಶ್ರೀಮಂತಿಕೆಯಿಂದಲ್ಲ, ತುಕ್ಕಿನ ಭಯದಿಂದ. ಹಳೆಯ ಮಸಿಗಳಲ್ಲಿ ಹುಳಿಯ ಅಂಶ ಹೆಚ್ಚು. ನಮ್ಮಲ್ಲಿ ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಸೇರಿಸಿ ಕಪ್ಪು ಮಸಿ ಮಾಡುತ್ತಿದ್ದ ಹಾಗೆಯೇ, ಯೂರೋಪಿನಲ್ಲೂ ಮರದ ಗಂಟುಕಾಯಿಗೆ ಕಬ್ಬಿಣದ ಲವಣ ಸೇರಿಸುತ್ತಿದ್ದರು. ಹುಣಸೆಹುಳಿಯನ್ನು ಕಬ್ಬಿಣದ ಬಾಣಲೆಯಲ್ಲಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಮಸಿ ಅಂದಿನ ಉಕ್ಕನ್ನು ತಿಂದುಹಾಕುತ್ತಿತ್ತು, ಚಿನ್ನವನ್ನು ಮುಟ್ಟುತ್ತಿರಲಿಲ್ಲ. ಈಗಿನ ನಿಬ್ಬುಗಳದು ನಮ್ಮ ಅಡಿಗೆಮನೆಯ ಪಾತ್ರೆಗಳ ಹಾಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲು, ಮಸಿಗಳೂ ಸಾಧುವಾಗಿವೆ. ಹಾಗಾಗಿ ಚಿನ್ನದ ಮುಖ್ಯ ಕೆಲಸ ಮುಗಿದಿದೆ. ಉಳಿದದ್ದು ಮೆರುಗು, ಒಂದಿಷ್ಟು ಮೆದು.

ಆ ಮೆದುವನ್ನು ಹೊಗಳುವವರು ಬಹಳ. ಹಳೆಯ ಕೆಲವು ಚಿನ್ನದ ನಿಬ್ಬುಗಳು ಸ್ವಲ್ಪ ಒತ್ತಿದರೆ ಕಾಲಗಲಿಸಿ ದಪ್ಪ ಗೆರೆ ಕೊಡುತ್ತವೆ, ಬಿಟ್ಟರೆ ಸಣ್ಣಗಾಗುತ್ತವೆ. ಕೆಳಕ್ಕೆ ದಪ್ಪ, ಮೇಲಕ್ಕೆ ಸಪೂರ ಎಂಬ ಇಂಗ್ಲಿಷಿನ ಅಲಂಕಾರದ ಬರವಣಿಗೆಗೆ ಅದು ಚೆನ್ನ. ಕನ್ನಡಕ್ಕೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ನಮ್ಮ ಅಕ್ಷರ ದುಂಡು. ಕೈ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಬಂದ ಅಕ್ಷರಗಳಿವು. ಎಲ್ಲ ಕಡೆಗೂ ಒಂದೇ ದಪ್ಪದ ಗೆರೆ ಸಾಕು. ನಮಗೆ ಬೇಕಾದದ್ದು ಎಲ್ಲ ದಿಕ್ಕಿಗೂ ಜಗಳವಿಲ್ಲದೆ ತಿರುಗುವ ನಿಬ್ಬು. ಜೊತೆಗೆ ಸಣ್ಣ ತುದಿ. ‘ಲಕ್ಷ್ಮಿ’ಯನ್ನು ದಪ್ಪ ನಿಬ್ಬಿನಲ್ಲಿ ಬರೆದರೆ ಅವಳ ಒತ್ತಕ್ಷರಗಳೆಲ್ಲ ಮಸಿಯಲ್ಲಿ ಮುಳುಗುತ್ತವೆ. ಜಪಾನಿನವರಿಗೂ ಇದೇ ಕಷ್ಟ. ಅವರ ಒಂದೊಂದು ಅಕ್ಷರದಲ್ಲೂ ಹತ್ತಿಪ್ಪತ್ತು ಗೆರೆಗಳಿರಬಹುದು. ಹೀಗಾಗಿ 1918ರಲ್ಲಿ ಆರಂಭವಾದ ಪೈಲಟ್‌ನಂಥ ಜಪಾನೀ ಕಂಪನಿಗಳ ‘ಫೈನ್’ ನಿಬ್ಬು ಜರ್ಮನಿಯ ‘ಫೈನ್’ಗಿಂತ ಸಾಮಾನ್ಯವಾಗಿ ಒಂದು ಮೆಟ್ಟಿಲು ಸಪೂರ. ಕನ್ನಡ ಬರೆಯುವವರಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಅಪ್ಪ 1988ರಲ್ಲಿ ತೀರಿಕೊಂಡರು. ತನ್ನ ಅಪ್ಪ ದುಡ್ಡು ಕೊಟ್ಟು ಕೊಂಡ ಪೆನ್ನು ಅಮ್ಮನ ಕೈಗೆ ಬರಲು 28 ವರ್ಷ ಬೇಕಾಯಿತು. ಬಂದರೂ ಅವಳು ಅದನ್ನು ಬಳಸಲಿಲ್ಲ, ಒರೆಸಿ ಬೀರುವಿನಲ್ಲಿಟ್ಟಳು. ಆ ಹೊತ್ತಿಗೆ ಮನೆ ತುಂಬ ಬಾಲ್ ಪೆನ್ನುಗಳು. ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಸಂಜೆ ಹೊತ್ತು ದೇವಸ್ಥಾನದ ಜಗಲಿಯಲ್ಲಿ ಕೂಲಿ ಹೆಂಗಸರಿಗೆ ಅವಳು ಅಕ್ಷರ ಕಲಿಸಿದಳು. ಮೊದಲು ಅ, ಆ ಅಲ್ಲ, ಮೊದಲು ಸ್ವಂತ ಹೆಸರು. ‘ಹೆಬ್ಬೆಟ್ಟು ಯಾರದಾದರೂ ಹಿಡಿದು ಒತ್ತಿಸಬಹುದು, ಹೆಸರು ನೀವೇ ಬರೀಬೇಕು’ ಎನ್ನುತ್ತಿದ್ದಳು.

2011ರ ಹೊತ್ತಿಗೆ ಅವಳಿಗೆ 73 ವರ್ಷ. ಸಂಧಿವಾತದಿಂದ ಬೆರಳುಗಳು ಗಂಟುಕಟ್ಟಿದ್ದವು. ಆ ವರ್ಷ ಪಿಂಚಣಿ ಹಣ ತೆಗೆಯಲು ಹೋದಾಗ ಬ್ಯಾಂಕಿನವರು ಸಹಿ ಹೊಂದುವುದಿಲ್ಲವೆಂದು ಚೀಟಿಯನ್ನು ಎರಡು ಸಲ ಹಿಂದಿರುಗಿಸಿದರು. ಅಲ್ಲಿದ್ದ ಹುಡುಗ ಒಳ್ಳೆಯವನೇ. ಉಪಕಾರ ಮಾಡುವ ದನಿಯಲ್ಲೇ, ‘ಯಾಕೆ ಕಷ್ಟ ಅಜ್ಜಿ, ಹೆಬ್ಬೆಟ್ಟು ಒತ್ತಿಬಿಡಿ. ಇಬ್ಬರು ಸಾಕ್ಷಿ ಹಾಕಿದರೆ ಆಯ್ತು’ ಎಂದ. ಅಮ್ಮ ಏನೂ ಹೇಳದೆ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಮನೆಗೆ ಬಂದವಳು ಕ್ಯಾಲೆಂಡರಿನ ಹಳೆಯ ಹಾಳೆಗಳ ಬೆನ್ನಿನ ಮೇಲೆ ಎರಡು ದಿನ ತನ್ನ ಹೆಸರನ್ನು ಬರೆದಳು. ಮಕ್ಕಳಿಗೆ ಕಾಪಿ ಬರೆಯಲು ಕೊಡುತ್ತಿದ್ದವಳು ತಾನೇ ಕಾಪಿ ಬರೆದಳು. ಗೆರೆಗಳು ನಡುನಡುವೆ ತುಂಡಾಗುತ್ತಿದ್ದವು.

ನಾನು ಪಕ್ಕದಲ್ಲಿ ಕೂತು ಅವಳ ಕೈಯನ್ನು ನೋಡಿದೆ. ತಾಪತ್ರಯವಿದ್ದದ್ದು ಅಕ್ಷರದಲ್ಲಲ್ಲ. ಬಾಲ್ ಪೆನ್ನಿನ ಗುಂಡು ಉರುಳಬೇಕಾದರೆ ಒತ್ತಬೇಕು, ಪೆನ್ನನ್ನು ಸ್ವಲ್ಪ ನೆಟ್ಟಗೆ ಹಿಡಿಯಬೇಕು. ಅವಳ ಬೆರಳಿಗೆ ಎರಡೂ ಆಗದು. ಒತ್ತಲು ಹೋದರೆ ಕೈ ನಡುಗುತ್ತದೆ, ಒತ್ತದಿದ್ದರೆ ಗೆರೆ ಮೂಡುವುದಿಲ್ಲ. ಒತ್ತಬೇಕಿಲ್ಲದ ಪೆನ್ನು ಬೀರುವಿನಲ್ಲಿತ್ತಲ್ಲ!

ಪಾರ್ಕರನ್ನು ತೆಗೆದು ಮೂರು ರಾತ್ರಿ ತಣ್ಣೀರಿನಲ್ಲಿ ನೆನೆಸಿದೆ. 23 ವರ್ಷಗಳ ಹಿಂದಿನ ಮಸಿ ನೀಲಿ ಎಳೆಯಾಗಿ ಲೋಟದಲ್ಲಿ ಇಳಿಯಿತು. ಒಳಗಿನ ಚೀಲ ಗಟ್ಟಿಯಾಗಿಯೇ ಇತ್ತು. ಅದನ್ನು ಆರೇಳು ಸಲ ಹಿಸುಕಿ ಮಸಿ ತುಂಬಿ ಕೊಟ್ಟೆ. ಗೆರೆ ಒಡನೆಯೇ ಬಂತು. ಆದರೆ ಪ್ರತಿ ತಿರುವಿನಲ್ಲೂ ನಿಬ್ಬು ಕಾಗದವನ್ನು ಕೆರೆಯಿತು, ಒಮ್ಮೆ ಹರಿದೂಬಿಟ್ಟಿತು. ಭೂತಕನ್ನಡಿಯಲ್ಲಿ ನೋಡಿದರೆ ತುದಿಯ ಮಣಿ ಒಂದು ಪಕ್ಕಕ್ಕೆ ಚಪ್ಪಟೆಯಾಗಿ ಸವೆದಿತ್ತು. ಅಪ್ಪ ಪೆನ್ನನ್ನು ಎಡಕ್ಕೆ ಓರೆ ಮಾಡಿ ಹಿಡಿಯುತ್ತಿದ್ದರು. 28 ವರ್ಷ ಕೋರ್ಟಿನ ಕಾಗದಗಳನ್ನು ಬರೆದ ನಿಬ್ಬು ಅದು. ಅಮ್ಮ ಕ್ಯಾಪು ಮುಚ್ಚಿ ನನಗೆ ವಾಪಸು ಕೊಡುತ್ತ, ‘ಇದು ನಿಮ್ಮಪ್ಪನ ಮಾತೇ ಕೇಳೋದು’ ಎಂದಳು. ಆ ಮಾತಿನಲ್ಲಿ ನೋವೆಷ್ಟು, ತಮಾಷೆ ಎಷ್ಟು ಎಂದು ಈಗಲೂ ಬಿಡಿಸಿ ಹೇಳಲಾರೆ.

ಆಮೇಲೆ ತಂದದ್ದು ಹೊಸ ಪೆನ್ನು. ಎಬೊನೈಟಿನ, ಕೈಯಲ್ಲಿ ಕಡೆದು ಮಾಡಿದ ದಪ್ಪ ಪೆನ್ನು. ಎಬೊನೈಟೆಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ತೂಕ ಕಡಿಮೆ, ಬೆರಳಿಗೆ ಬೆಚ್ಚಗೆ. ಗಾಂಧೀಜಿಯ ಸ್ವದೇಶಿ ಮಾತಿಗೆ ಓಗೊಟ್ಟು ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ 1932ರಲ್ಲಿ ಪೆನ್ನು ಮಾಡಿದ ಕಾಲದಿಂದ ನಮ್ಮ ದೇಶದಲ್ಲಿ ಈ ಕಸಬು ನಡೆದುಬಂದಿದೆ. ದೇಹ ಹಳೆಯ ಮಾದರಿಯದು, ನಿಬ್ಬು ಮಾತ್ರ ಈ ಕಾಲದ ಸ್ಟೀಲು. ಇಂದು ಹೀಗೆ ಕೈಯಲ್ಲಿ ಪೆನ್ನು ಮಾಡುವ ಎಷ್ಟೋ ಜನ ನಿಬ್ಬನ್ನು ಜರ್ಮನಿಯ ಬಾಕ್, ಯೋವೋ ಎಂಬ ಕಾರ್ಖಾನೆಗಳಿಂದ ತರಿಸಿಕೊಳ್ಳುತ್ತಾರೆ. ಯಾರ ಕೈಗೂ ಸವೆಯದ, ದುಂಡಗಿನ, ನುಣುಪಾದ ತುದಿ. ಅಮ್ಮ ಅದನ್ನು ತನಗೆ ಬಂದ ಹಾಗೆ, ನಾಲ್ಕು ಬೆರಳು ಸೇರಿಸಿ, ಬಳಪ ಹಿಡಿಯುವಂತೆ ಅಡ್ಡಡ್ಡ ಹಿಡಿದಳು. ಹೆಸರು ಒಂದೇ ಎಳೆಯಲ್ಲಿ ಬಂತು. ಸ್ವಲ್ಪ ಓಲಾಡುತ್ತಿತ್ತು, ಆದರೆ ಅವಳದೇ ಸಹಿ. ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆ ಸುತ್ತುವುದು ಸಹಿತ.

ಬ್ಯಾಂಕಿನಲ್ಲಿ ಅದು ನಡೆಯಿತು. 2017ರಲ್ಲಿ ತೀರಿಕೊಳ್ಳುವವರೆಗೂ, ಆರು ವರ್ಷ, ಅಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನಿಗೆ ಜೇಬಿಲ್ಲವೆಂದು ಕನ್ನಡಕದ ಹಳೆಯ ಗೂಡಿನಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಕೌಂಟರಿನಲ್ಲಿ ಯಾರಾದರೂ ಹೆಂಗಸರು ಪೆನ್ನು ಕೇಳಿದರೆ ಕೊಡುತ್ತಲೂ ಇದ್ದಳಂತೆ. ಕ್ಯಾಪು ಒತ್ತೆ ಇಟ್ಟುಕೊಳ್ಳದೆ.

ಹಳೆಯದು ಚಿನ್ನ, ಹೊಸದು ತಗಡು ಎನ್ನುವವರ ಮಾತಿಗೆ ನಾನು ಪೂರ್ತಿ ತಲೆದೂಗದಿರುವುದು ಇದಕ್ಕೇ. ಹಾಗೆಂದು ಹಳೆಯದನ್ನು ಕಡೆಗಣಿಸುವವಳೂ ಅಲ್ಲ. ಐವತ್ತು ವರ್ಷದ ಪಾರ್ಕರು ಮೂರು ರಾತ್ರಿ ನೀರು ಕುಡಿದು ಮತ್ತೆ ಬರೆಯಿತು. ನಮ್ಮ ಕಾಲದ ಯಾವ ಯಂತ್ರ ಆ ಮಾತು ಕೊಡುತ್ತದೆ? ಸವೆದ ತುದಿಯನ್ನು ನಯವಾಗಿ ಉಜ್ಜಿ ಸರಿಮಾಡಿಕೊಡುವವರು ಈಗಲೂ ಇದ್ದಾರೆ. ನಾನು ಮಾಡಿಸಿಲ್ಲ. ಉಜ್ಜಿದರೆ ಅಪ್ಪನ ಓರೆ ಹೋಗುತ್ತದೆ. ಅಮ್ಮನ ಪೆನ್ನು ಮಾತ್ರ ದಿನವೂ ಓಡುತ್ತಿದೆ. ಅದರ ಎಬೊನೈಟು ಬೆಳಕಿಗೆ ಸ್ವಲ್ಪ ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತಿದೆ. ಆ ಜಾತಿಯ ಪೆನ್ನಿಗೆ ಅದು ಸಹಜ.

ನೀವೊಂದು ಪೆನ್ನು ಕೊಳ್ಳುವುದಾದರೆ ಮಗನಿಗೆ, ಅಳಿಯನಿಗೆ ಎನ್ನದೆ ನಿಮಗೇ ಎಂದು ಕೊಳ್ಳಿ. ಚಿನ್ನ ಬೇಡ; ಕಿವಿಗೆ ಇದ್ದರೆ ಸಾಕು. ಅಂಗಡಿಯವನ ಹಾಳೆಯ ಮೇಲೆ ಬರಿ ಗೆರೆ ಎಳೆದು ನೋಡಬೇಡಿ. ಗೆರೆ ಎಲ್ಲ ಪೆನ್ನಲ್ಲೂ ಬರುತ್ತದೆ. ‘ಲಕ್ಷ್ಮಿ’ ಎಂದು ಬರೆಯಿರಿ, ಒತ್ತಕ್ಷರ ತೆರೆದು ಕಾಣುತ್ತದೆಯೇ ನೋಡಿ. ದುಂಡಗೆ ಒಂದು ‘ಠ’ ಬರೆಯಿರಿ, ತಿರುವಿನಲ್ಲಿ ಕೆರೆಯುತ್ತದೆಯೇ ನೋಡಿ. ಕೈ ಸಡಿಲ ಬಿಟ್ಟು, ಒಂದಿಷ್ಟೂ ಒತ್ತದೆ ಬರೆಯಿರಿ. ಮಸಿ ತಾನೇ ಬಂದರೆ, ಕೊನೆಗೆ ನಿಮ್ಮ ಹೆಸರನ್ನು ಪೂರ್ತಿಯಾಗಿ ಬರೆದು ನೋಡಿ. ಅಂಗಡಿಯವನು ಕಾಯಲಿ.