ನಾಲ್ಕು ಸಾವಿರಕ್ಕೆ ನಿಲ್ಸಿ

ನಮ್ಮ ಮನೆಯಲ್ಲಿ ತಿಂಗಳ ಸಾಮಾನಿನ ಚೀಟಿ ಅರಿಶಿನದಿಂದಲೇ ಶುರುವಾಗಬೇಕು. ಇದು ನಮ್ಮಮ್ಮ ಹಾಕಿಕೊಟ್ಟ ಕಟ್ಟಳೆ. ಮದುವೆ ಮುಂಜಿಗಳ ಪಟ್ಟಿಯಲ್ಲಿ ಮೊದಲು ಅರಿಶಿನ ಕುಂಕುಮ ಬರೆಯುವುದು ಎಲ್ಲರ ಮನೆಯಲ್ಲೂ ಉಂಟು. ಅಮ್ಮ ಅದನ್ನು ಹುರುಳಿಕಾಳು, ಸೀಗೇಪುಡಿ ತರುವ ಚೀಟಿಗೂ ಎಳೆದು ತಂದಿದ್ದಳು. ಅಮ್ಮ ಹೋಗಿ ಇಪ್ಪತ್ತು ವರ್ಷವಾಯಿತು. ಚೀಟಿ ಮಾತ್ರ ಇವತ್ತಿಗೂ ‘ಅರಿಶಿನ 100 ಗ್ರಾಂ’ ಎಂದೇ ಮೊದಲಾಗುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ತಿಂಗಳಿಗೆ ನೂರು ಗ್ರಾಂ ಅರಿಶಿನ ಯಾಕೆ ಬೇಕು ಹೇಳಿ? ಹೋದ ಆಯುಧಪೂಜೆಗೆ ಅಟ್ಟ ಗುಡಿಸಿದಾಗ ಒಡೆಯದ ಪೊಟ್ಟಣ ಹದಿಮೂರು ಸಿಕ್ಕವು.

ಅರಿಶಿನದ ಮಾತು ಹಾಗಿರಲಿ, ನಾನು ಹೇಳಹೊರಟದ್ದು ಬಜೆಟ್ಟಿನ ವಿಷಯ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಕಮ್ಮಿಯಾದರೆ ಸರಿಯೇ, ಹೆಚ್ಚು ಬಂದರೂ ಮನೆಗೆ ಹೋಗುವ ಹಾಗಿರಲಿಲ್ಲ. ಊರವರ ದುಡ್ಡನ್ನು ಅಷ್ಟು ಜೋಪಾನ ಮಾಡಿದವನು ಮನೆ ಸಾಮಾನಿನ ನಾಲ್ಕು ಸಾವಿರವನ್ನು ನಾಲ್ಕು ಸಾವಿರದೊಳಗೇ ಖರ್ಚು ಮಾಡಲಾರದೆ ಹೋದೆ ಎಂದರೆ ನೀವು ನಂಬುತ್ತೀರಾ? ನಮ್ಮಾಕೆ ನಂಬುತ್ತಾಳೆ. ನಿವೃತ್ತಿಯಾದ ಮೇಲೆ ಈ ಗೆರೆ ಎಳೆದವಳು ಅವಳೇ: ಹಾಲು, ತರಕಾರಿ, ಗ್ಯಾಸು ಬೇರೆ, ದಿನಸಿ, ಸೋಪು, ಎಣ್ಣೆ ಎಲ್ಲ ಸೇರಿ ನಾಲ್ಕು ಸಾವಿರ. ಮೂಲೆ ಅಂಗಡಿಯಲ್ಲಿ ತಂದರೆ ಈ ದುಡ್ಡಿಗೆ ಆಗುವುದಿಲ್ಲ, ಆದ್ದರಿಂದ ರಿಂಗ್ ರೋಡಿನ ಕಡೆ ಇರುವ ದೊಡ್ಡ ರಿಯಾಯಿತಿ ಅಂಗಡಿಗೇ ಹೋಗಬೇಕು ಎಂಬುದು ಇನ್ನೊಂದು ಷರತ್ತು. ಅಂಗಡಿಯ ಹೆಸರು ಬೇಡ ಬಿಡಿ. ನೀವೂ ಅಲ್ಲಿಗೇ ಹೋಗುವವರು.

ಬಜೆಟ್ಟು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಬ್ಯಾಂಕಿನಲ್ಲಲ್ಲ, ಮೈಸೂರಿನ ಸಂತೇಪೇಟೆಯಲ್ಲಿ, ಶೆಟ್ಟರ ಅಂಗಡಿಯಲ್ಲಿ. ಅಂಗಡಿಯ ತುಂಬ ಬೆಲ್ಲ, ಮೆಣಸಿನಕಾಯಿ, ಗೋಣಿತಾಟು ಬೆರೆತ ವಾಸನೆ. ತೊಲೆಯಿಂದ ಇಳಿಬಿದ್ದ ದಾರದ ಉಂಡೆ. ಹುಡುಗ ಪೇಪರಿನಲ್ಲಿ ಪೊಟ್ಟಣ ಮಡಚಿ, ದಾರವನ್ನು ಎರಡು ಸುತ್ತು ಸುತ್ತಿ, ಪಟ್ಟನೆ ಕಿತ್ತು ಗಂಟು ಹಾಕುತ್ತಿದ್ದ. ಆ ಗಂಟನ್ನು ಮನೆಯಲ್ಲಿ ಬಿಡಿಸಿ ದಾರವನ್ನು ಉಂಡೆ ಸುತ್ತಿಡುವುದು ನನ್ನ ಕೆಲಸ. ಹೂ ಕಟ್ಟಲು ಬರುತ್ತದಲ್ಲ! 1962ರ ಹೊತ್ತಿಗೇ ದೇಶಕ್ಕೆಲ್ಲ ಕಿಲೋ ಕಡ್ಡಾಯವಾಗಿತ್ತಂತೆ. ನಮ್ಮಮ್ಮನಿಗೆ ಆ ಸುದ್ದಿ ಕಡೆಯವರೆಗೂ ತಲುಪಲಿಲ್ಲ. ಅವಳ ಚೀಟಿಯಲ್ಲಿ ಸೇರು, ಅಚ್ಚೇರು, ಪಾವು. ಶೆಟ್ಟರ ತಕ್ಕಡಿಯಲ್ಲಿ ಕಿಲೋ. ನಡುವಿನ ಲೆಕ್ಕ ಶೆಟ್ಟರ ತಲೆಯಲ್ಲಿ.

ಆದರೆ ಶೆಟ್ಟರ ದೊಡ್ಡಸ್ತಿಕೆ ಇದ್ದದ್ದು ತಕ್ಕಡಿಯಲ್ಲಲ್ಲ, ಚೀಟಿ ಓದುವುದರಲ್ಲಿ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಓದುವರು. “ಸಕ್ಕರೆ ಮೂರು ಸೇರು? ಯಾಕ್ಲಾ ಮಗಾ, ಮನೇಗೆ ನೆಂಟರು ಬಂದವ್ರಾ? ಹೋದ ತಿಂಗಳ ಬಾಕಿ ಹನ್ನೆರಡು ರೂಪಾಯಿ ಹಂಗೇ ಅದೆ ಅಂತ ಅಪ್ಪಂಗೆ ಹೇಳು. ದ್ರಾಕ್ಷಿ ಗೋಡಂಬಿ ಮುಂದಿನ ತಿಂಗಳು ನೋಡುವಾ.” ನೋಡಿದಿರಾ? ಮಾರುವವನೇ ಬೇಡ ಅನ್ನುತ್ತಿದ್ದ. ಬಾಕಿ ಬೆಳೆದರೆ ಮುಳುಗುವವರು ಅವರೇ ಆದ್ದರಿಂದ ನಮ್ಮ ಮನೆಯ ಹಣಕಾಸು ಮಂತ್ರಿಗಿರಿಯನ್ನು ಅವರೇ ವಹಿಸಿಕೊಂಡಿದ್ದರು. ಕೊನೆಗೆ ಕೊಸರು ಎಂದು ನನ್ನ ಕೈಗೆ ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲ. ಈ ಕೊಸರು ಎಂಬ ಮಾತು ಈಗಿನ ಮಕ್ಕಳಿಗೆ ಗೊತ್ತೋ ಇಲ್ಲವೋ. ಅವರಿಗೆ ಗೊತ್ತಿರುವುದು ‘ಫ್ರೀ’. ಕೊಸರು ಸಾಮಾನು ಕಟ್ಟಿಯಾದ ಮೇಲೆ ಬರುತ್ತಿತ್ತು. ಫ್ರೀ ಸಾಮಾನಿಗಿಂತ ಮುಂಚೆ ಬಂದು ಬಾಗಿಲಲ್ಲೇ ನಿಂತಿರುತ್ತದೆ.

ಬಜೆಟ್ಟು ಎಂದೂ ಮೀರದ ಅಂಗಡಿ ಇನ್ನೊಂದಿತ್ತು. ಯಾವುದು ಗೊತ್ತಾ? ನ್ಯಾಯಬೆಲೆ ಅಂಗಡಿ. ಕಾರ್ಡಿಗೆ ಇಷ್ಟು ಸಕ್ಕರೆ, ಇಷ್ಟು ಸೀಮೆಎಣ್ಣೆ, ಮುಗೀತು. ಕಾಲು ಹಿಡಿದರೂ ಕಾಲು ಕೆಜಿ ಜಾಸ್ತಿ ಸಿಗುತ್ತಿರಲಿಲ್ಲ. ಅಲ್ಲಿ ಹೋಗಿ ಅಪ್ಪನ ಸಂಬಳ ಹಾಳಾದದ್ದು ಅಂತ ಯಾರೂ ಹೇಳಿದ್ದಿಲ್ಲ.

ಈ ಅನಾಹುತ ಎಲ್ಲ ಶುರುವಾದದ್ದು ಅಮೆರಿಕದಲ್ಲಿ. 1916ರಲ್ಲಿ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಅಂತ ಅಂಗಡಿ ತೆಗೆದ. (ಹೆಸರು ನಾನು ಕಟ್ಟಿದ್ದಲ್ಲ, ನಿಜವಾಗಿಯೂ ಅದೇ.) ಗಿರಾಕಿಗಳೇ ಒಳಗೆ ಬಂದು ಬೇಕಾದ್ದನ್ನು ಕೈಯಾರೆ ತೆಗೆದುಕೊಳ್ಳಬಹುದು ಅಂದ. ಅಂದರೆ ನಮಗೂ ಗೋಡಂಬಿಗೂ ನಡುವೆ ಕೂತಿದ್ದ ಶೆಟ್ಟರನ್ನು ಎಬ್ಬಿಸಿ ಕಳಿಸಿದ. ಆದರೂ ಒಂದು ಅಡ್ಡಿ ಉಳಿದಿತ್ತು: ತೋಳು. ಬುಟ್ಟಿ ಭಾರವಾದರೆ ಮನುಷ್ಯ ಸಾಕಪ್ಪಾ ಅನ್ನುತ್ತಾನೆ. ನಮ್ಮಲ್ಲೂ ಅಷ್ಟೆ, ಪ್ಲಾಸ್ಟಿಕ್ ವೈರಿನ ಬುಟ್ಟಿ ಎರಡು ಕೈಗೆರಡು, ಬಸ್ಸಿನಲ್ಲಿ ಬರಬೇಕು, ಬೆರಳಿನ ಮೇಲೆ ವೈರು ಕೆಂಪಗೆ ಗೆರೆ ಮೂಡಿಸುತ್ತಿತ್ತು. ಆ ಕೆಂಪು ಗೆರೆಯೇ ಬಜೆಟ್ಟು. ಅದಕ್ಕೂ ಉಪಾಯ ಹುಡುಕಿದವನು ಒಕ್ಲಹಾಮಾದ ಸಿಲ್ವನ್ ಗೋಲ್ಡ್‌ಮನ್. 1937ರಲ್ಲಿ ಬುಟ್ಟಿಗೆ ಗಾಲಿ ಹಾಕಿದ. ಮೊದಮೊದಲು ಜನ ಅದನ್ನು ಮುಟ್ಟಲಿಲ್ಲ. ಸಂಬಳ ಕೊಟ್ಟು ಗಿರಾಕಿಗಳ ವೇಷದಲ್ಲಿ ಕೆಲವರಿಂದ ಅಂಗಡಿ ತುಂಬ ತಳ್ಳಿಸಿದನಂತೆ. ಈಗ ಯಾರಿಗೂ ಸಂಬಳ ಕೊಡಬೇಕಾಗಿಲ್ಲ. ಭಾನುವಾರ ಸಂಜೆ ನೀವೇ ಹೋಗಿ ನೋಡಿ, ತೇರು ಎಳೆದ ಹಾಗೆ ಎಳೆಯುತ್ತಿರುತ್ತಾರೆ. ಅಷ್ಟು ಅಗಲದ ಗಾಡಿಯ ತಳದಲ್ಲಿ ನಮ್ಮ ಚೀಟಿಯ ಎಂಟು ಸಾಮಾನು ಬಿದ್ದಿದ್ದರೆ, ಮದುವೆ ಮನೆಯಲ್ಲಿ ಎರಡು ಬಗೆ ಬಡಿಸಿದ ಎಲೆಯ ಹಾಗೆ ಕಾಣುತ್ತದೆ. ಪಕ್ಕದವರು ಏನೆಂದುಕೊಂಡಾರು?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಹೇಳಿದ್ದಾರೆ, ಒಪ್ಪಿದೆ. ಆದರೆ ಆ ಅಂಗಡಿಯ ಮೇಲಿನ ಮಹಡಿಯಲ್ಲಿ ಹಾಸಿಗೆಗೇ ರಿಯಾಯಿತಿ ಇದೆಯಲ್ಲ ಸ್ವಾಮಿ. ‘ಒಂದು ಕೊಂಡರೆ ಒಂದು ಉಚಿತ’ ಅಂತ ಬರೆದದ್ದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಇನ್ನೊಂದು ಗಾದೆ ನೆನಪಾಗುತ್ತದೆ: ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು. ಈ ವ್ಯಾಪಾರ ಕಂಡುಹಿಡಿದವರು ಅಮೆರಿಕದವರಲ್ಲ, ನಾವೇ ಅಂತ ನನ್ನ ಅನುಮಾನ. ಇನ್ನು 99ರ ಮಹಿಮೆ. ನೂರು ಅಂದರೆ ಯೋಚಿಸುವ ಮನುಷ್ಯ 99 ಅಂದರೆ ತೊಂಬತ್ತರ ಚಿಲ್ಲರೆ ಅಂದುಕೊಂಡುಬಿಡುತ್ತಾನೆ. ಹಿಂದೆ ಇದಕ್ಕೆ ಬಾಟಾ ಬೆಲೆ ಅನ್ನುತ್ತಿದ್ದರು, 99 ರೂಪಾಯಿ 95 ಪೈಸೆ. ಆ ಐದು ಪೈಸೆಯನ್ನು ಕೇಳಿ ವಾಪಸು ಇಸಿದುಕೊಂಡವರನ್ನು ನಾನು ಕಂಡಿದ್ದೇನೆ, ನಮ್ಮ ತಂದೆ. 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆಯ ಚಲಾವಣೆಯೂ ನಿಂತಿತು. ಆಗ ನಾನು ಕೌಂಟರಿನಲ್ಲೇ ಇದ್ದೆ. ಜನ ಡಬ್ಬಿಗಟ್ಟಲೆ ನಾಲ್ಕಾಣೆ ತಂದು ಸುರಿದರು, ಕೆಲವು ಡಬ್ಬಿಗಳಿಂದ ಸಾಸಿವೆಯೂ ಉದುರಿತು. ಹೆಂಗಸರ ಗುಪ್ತನಿಧಿ ಎಲ್ಲಿರುತ್ತದೆ ಎಂಬುದಕ್ಕೆ ಸಾಕ್ಷಿ ಬೇಕೆ?

ಎದುರುಮನೆ ಮೇಷ್ಟ್ರದ್ದು ಬೇರೆಯೇ ದಾರಿ. ಅವರು ಭೂತಗನ್ನಡಿ ಇಟ್ಟುಕೊಂಡೇ ಅಂಗಡಿಗೆ ಹೋಗುವವರು. “ಒಂದು ಲೀಟರ್ ಎಣ್ಣೆ ಅಂದ್ರೆ 910 ಗ್ರಾಂ ಸ್ವಾಮಿ, ಕೆಜಿ ಅಂದ್ಕೊಂಡ್ರಾ?” ಎಂದು ನನಗೆ ಪಾಠ ಮಾಡಿದವರು ಅವರೇ. ಪೊಟ್ಟಣದ ಮೇಲೆ ಈಗ ಗ್ರಾಮಿಗೆ ಎಷ್ಟು ಬಿತ್ತು ಅಂತಲೂ ಅಚ್ಚು ಹಾಕಿರುತ್ತಾರೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ. ಮೇಷ್ಟ್ರು ಅದನ್ನು ಓದಿ, ಹೋಲಿಸಿ, ಗ್ರಾಮಿನ ಲೆಕ್ಕದಲ್ಲಿ ಯಾವುದು ಅಗ್ಗವೋ ಅದನ್ನೇ ತರುತ್ತಾರೆ. ಗ್ರಾಮಿನ ಲೆಕ್ಕದಲ್ಲಿ ಯಾವಾಗಲೂ ಅಗ್ಗವಾಗುವುದು ದೊಡ್ಡ ಮೂಟೆ. ಹೀಗಾಗಿ ಈಗ ಅವರು ಸೋಪಿನ ಪುಡಿಯ ಚೀಲದ ಮೇಲೆ ಕೂತು ಪೇಪರು ಓದುತ್ತಾರೆ. ಅವರ ಮನೆಯಲ್ಲಿ ಕುರ್ಚಿ ಇಲ್ಲವೆಂದಲ್ಲ, ಕುರ್ಚಿಯ ಮೇಲೆ ಅವಲಕ್ಕಿ ಇದೆ.

ಅಂಗಡಿಯವರು ಬಿಲ್ಲಿನ ಕೊನೆಯಲ್ಲಿ ‘ನೀವು ಉಳಿಸಿದ್ದು’ ಅಂತ ಒಂದು ಮೊತ್ತ ಹಾಕುತ್ತಾರೆ, ನೋಡಿದ್ದೀರಷ್ಟೆ? ಎಂಆರ್‌ಪಿಗೂ ಅವರ ಬೆಲೆಗೂ ಇರುವ ವ್ಯತ್ಯಾಸ ಅದು. ತೆರಿಗೆಯೆಲ್ಲ ಸೇರಿಸಿ ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವ ಕ್ರಮ 1990ರಲ್ಲಿ ಬಂತು. ‘ತೆರಿಗೆ ಪ್ರತ್ಯೇಕ’ ಅಂತ ಅಂಗಡಿಯವರು ಮನಸ್ಸಿಗೆ ಬಂದಷ್ಟು ಕೇಳಬಾರದು ಅಂತ ಮಾಡಿದ ಛಾವಣಿ ಅದು. ಇದಕ್ಕಿಂತ ಮೇಲೆ ಹೋಗಬೇಡ ಅಂತ ಕಟ್ಟಿದ ಛಾವಣಿಯನ್ನು ತೋರಿಸಿ ‘ನೋಡಿ, ನಿಮ್ಮ ತಲೆ ತಾಗಲಿಲ್ಲ’ ಅಂತ ನಮ್ಮನ್ನು ಅಭಿನಂದಿಸುತ್ತಾರಲ್ಲ, ಐದಡಿಯ ಮನುಷ್ಯ ಆರಡಿಯ ಬಾಗಿಲು ದಾಟುವುದೂ ಒಂದು ಸಾಹಸವೆ? ಆದರೂ ಹಳೇ ಚಾಳಿ, ನಾನು ಆ ಬಿಲ್ಲುಗಳನ್ನೆಲ್ಲ ದಬ್ಬಳಕ್ಕೆ ಚುಚ್ಚಿಟ್ಟಿದ್ದೆ. ಒಂದು ಮಧ್ಯಾಹ್ನ ಕೂತು ಕೂಡಿದೆ. ಹತ್ತು ತಿಂಗಳಲ್ಲಿ ಉಳಿಸಿದ್ದು 7,340 ರೂಪಾಯಿ. ಅದೇ ಹತ್ತು ತಿಂಗಳಲ್ಲಿ ನಾಲ್ಕು ಸಾವಿರದ ಗೆರೆ ದಾಟಿ ಖರ್ಚಾದದ್ದು 7,912. ಮೊದಲನೆಯ ಅಂಕಿಯನ್ನು ಮಾತ್ರ ನಮ್ಮಾಕೆಗೆ ಹೇಳಿದೆ.

“ಏಳು ಸಾವಿರಾನಾ? ಎಲ್ಲಿಟ್ಟಿದ್ದೀರಿ? ಕೊಡಿ, ಮಿಕ್ಸಿ ಹಾಳಾಗಿ ಯುಗಾದಿಗೆ ವರ್ಷ ಆಗತ್ತೆ.”

ಎರಡನೆಯ ಅಂಕಿಯನ್ನೂ ಹೇಳಬೇಕಾಯಿತು. ನಿಜ ಹೇಳುತ್ತೇನೆ, ನಾನು ದುಂದುಗಾರನಲ್ಲ. ದುಂದುಗಾರ ಬೇಕಾದ್ದನ್ನು ಹೆಚ್ಚು ಬೆಲೆಗೆ ಕೊಂಡು ಮನೆಗೆ ಹೋಗುತ್ತಾನೆ. ನಮ್ಮಂಥ ಜಿಪುಣರನ್ನು ಕೆಡಿಸುವುದು ಅಗ್ಗವೇ. ಪೂರ್ತಿ ಬೆಲೆಗೆ ನಾನು ಮೂರು ಬಾಟಲಿ ಟೊಮೆಟೊ ಸಾಸು ತರುತ್ತಿದ್ದೆನೆ? ನಮ್ಮಿಬ್ಬರಲ್ಲಿ ಸಾಸು ತಿನ್ನುವವರೇ ಇಲ್ಲ.

ಹೀಗಿರುವಾಗ ಹೋದ ತಿಂಗಳು ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬಾಕೆ ನಿಂತಿದ್ದರು. ಜೊತೆಗೆ ಆರೇಳು ವರ್ಷದ ಹುಡುಗಿ. ಆಕೆ ಸಾಮಾನನ್ನು ಕೌಂಟರಿನ ಮೇಲೆ ಸುರಿಯಲಿಲ್ಲ, ಒಂದರ ಹಿಂದೆ ಒಂದು ಜೋಡಿಸಿದರು. ಮೊದಲು ಅಕ್ಕಿ. ಅದರ ಹಿಂದೆ ತೊಗರಿಬೇಳೆ, ಎಣ್ಣೆ, ರವೆ. ಆಮೇಲೆ ಬಟ್ಟೆ ಸೋಪು, ಟೀ ಪುಡಿ. ಬಾಲದಲ್ಲಿ ಬಿಸ್ಕತ್ತು, ಒಂದು ತಲೆಗೆ ಹಾಕುವ ಬ್ಯಾಂಡು. ಜೋಡಿಸಿಯಾದ ಮೇಲೆ ಬಿಲ್ಲಿನ ಹುಡುಗಿಗೆ ಹೇಳಿದರು, “ಎರಡು ಸಾವಿರಕ್ಕೆ ನಿಲ್ಸಮ್ಮ.”

ಪೆಟ್ರೋಲ್ ಬಂಕಿನಲ್ಲಿ ‘ಇನ್ನೂರಕ್ಕೆ ಹಾಕಿ’ ಅಂತೀವಲ್ಲ, ಅದೇ ದನಿ. ಸಂಕೋಚವಿಲ್ಲ, ವಿವರಣೆಯಿಲ್ಲ. ಬಿಲ್ಲಿನ ಹುಡುಗಿಗೂ ಅಭ್ಯಾಸವಿದ್ದ ಹಾಗಿತ್ತು. ಕುಯ್ ಕುಯ್ ಅಂತ ಹಾಕುತ್ತ ಹೋಗಿ 1,984ಕ್ಕೆ ಕೈ ತಡೆದಳು. ಟೀ ಪುಡಿಯವರೆಗೂ ಬಂದಿತ್ತು, ಬಿಸ್ಕತ್ತೂ ಬಂತು, ಬ್ಯಾಂಡು ಉಳಿಯಿತು. ಚಿಕ್ಕ ಹುಡುಗಿ ಬ್ಯಾಂಡನ್ನು ಒಂದು ಸಲ ತಲೆಗೆ ಹಾಕಿಕೊಂಡು, ತೆಗೆದು, ತಾನೇ ಪಕ್ಕದ ಬುಟ್ಟಿಗೆ ಹಾಕಿತು. ಮೂವತ್ತನಾಲ್ಕು ವರ್ಷದ ನನ್ನ ಸರ್ವೀಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಲೆಕ್ಕ ನಾನು ನೋಡಿರಲಿಲ್ಲ.

ಈ ತಿಂಗಳು ನಾನೂ ಹಾಗೇ ಮಾಡಿದೆ. ಸಾಮಾನು ಜೋಡಿಸಿದೆ. ಯಾವ ಕ್ರಮದಲ್ಲಿ ಅಂತೀರಾ? ಚೀಟಿಯ ಕ್ರಮದಲ್ಲಿ. ಕ್ಯಾಷಿಯರ್ ಬುದ್ಧಿ, ವೋಚರಿನಲ್ಲಿ ಹೇಗಿದೆಯೋ ಹಾಗೆ. ಮೊದಲು ಅರಿಶಿನ. ಆಮೇಲೆ ಉಳಿದದ್ದು, ನಡುವೆ ಚೀಟಿಯಲ್ಲಿ ಇಲ್ಲದ 99 ರೂಪಾಯಿಯ ಸ್ಟೀಲ್ ಡಬ್ಬಿ ಒಂದು, ಅದು ಹೇಗೆ ಬಂತೋ ನನಗೂ ಗೊತ್ತಿಲ್ಲ. “ನಾಲ್ಕು ಸಾವಿರಕ್ಕೆ ನಿಲ್ಸಿ” ಅಂದೆ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ. ಹುಡುಗಿ 3,987ಕ್ಕೆ ನಿಲ್ಲಿಸಿ “ಸರ್, ಇನ್ನೊಂದು ಹಾಕಿದ್ರೆ ದಾಟತ್ತೆ” ಅಂದಳು. ಹೊರಗುಳಿದದ್ದನ್ನು ಹುಡುಗಿಯ ಕೈಗೇ ವಾಪಸು ಕೊಟ್ಟು, ಎದೆಯುಬ್ಬಿಸಿ ಮನೆಗೆ ಬಂದು ಬಿಲ್ಲು ತೋರಿಸಿದೆ. ನಮ್ಮಾಕೆ ಬಿಲ್ಲು ನೋಡಲಿಲ್ಲ, ಚೀಲ ನೋಡಿದಳು.

“ತೊಗರಿಬೇಳೆ ಎಲ್ಲಿ?”

ಚೀಟಿ ತೆಗೆದು ನೋಡಿದೆವು. ಕೆಳಗೆ ಮೂಲೆಯಲ್ಲಿ ಅವಳ ಅಕ್ಷರದಲ್ಲಿ ‘ಪು.ತಿ.ನೋ.’ ಎಂದಿತ್ತು. ಹಿಂದೆ ಒಂದೇ ಒಂದು ಸಾಲು: ತೊಗರಿಬೇಳೆ 2 ಕೆಜಿ. ಕ್ರಮಪ್ರಕಾರ ಕಟ್ಟಕಡೆಗೆ ನಿಂತಿದ್ದ ಬೇಳೆಯೇ ವಾಪಸು ಹೋದದ್ದು.

ಮಾರನೆಯ ದಿನ ಮೂಲೆ ಅಂಗಡಿಯಿಂದ ಬೇಳೆ ಬಂತು, ಪೂರ್ತಿ ಎಂಆರ್‌ಪಿ ಕೊಟ್ಟು. ನಿಮ್ಮ ಮನೆಗೆ ಅರಿಶಿನ ಏನಾದರೂ ಬೇಕಿದ್ದರೆ ದಯವಿಟ್ಟು ಹೇಳಿಕಳಿಸಿ. ಈಗ ಹದಿನಾಲ್ಕು ಪೊಟ್ಟಣ ಇದೆ.